ತೋಡು, ಪಾಲಂ ಮತ್ತು ಊರಿನ ಹೆಸರು

ಕೇರಳದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ದಿನನಿತ್ಯ ಉಚ್ಚರಿಸುವ ಅನೇಕ ಸ್ಥಳನಾಮಗಳು ನೀರಿನ ಸಂಬಂಧದಿಂದ ಹುಟ್ಟಿದವು. ಅವುಗಳ ಅರ್ಥವನ್ನು ಅರಿಯಲು ಎಷ್ಟೋ ವೇಳೆ ಕನ್ನಡವೇ ಸಾಕು.

ಮಲಯಾಳದ 'ತೋಡ್' ನಮ್ಮ ಕರಾವಳಿಯ 'ತೋಡು', ಅಂದರೆ ಹಳ್ಳ. 'ಪಾಲಂ' ಎಂದರೆ ಸೇತುವೆ. ಹಿಂದಿನ ದಾರಿಹೋಕರಿಗೆ ಹಳ್ಳ ದಾಟುವ ಸ್ಥಳವೇ ಗುರುತು. ಆ ಗುರುತೇ ಊರಿನ ಹೆಸರಾಗುತ್ತಿತ್ತು. ತಿರುವನಂತಪುರದ ಮರಪ್ಪಾಲಂ ಮರದ ಸೇತುವೆ, ಮುರಿಞ್ಞಪಾಲಂ ಮುರಿದ ಸೇತುವೆ, ಪುತ್ತನ್‌ಪಾಲಂ ಹೊಸ ಸೇತುವೆ. ಕೊಚ್ಚಿಯ ದಕ್ಷಿಣಕ್ಕಿರುವ ಚೆಲ್ಲಾನಂ ಕರಾವಳಿಯ ಪುತ್ತನ್‌ತೋಡ್ ಹೊಸ ತೋಡು. 'ಕೊಚ್ಚಿ' ಎಂಬುದೂ 'ಕೊಚ್ಚು ಅಳಿ', ಅಂದರೆ ಕಿರಿದಾದ ಅಳಿವೆ ಎಂಬುದರಿಂದ ಬಂದಿತೆಂಬ ಅಭಿಪ್ರಾಯವಿದೆ.

ಕೆಲವು ಹೆಸರುಗಳು ಆಳಿದವರನ್ನು ಸ್ಮರಿಸುತ್ತವೆ. ತಿರುವನಂತಪುರದ 'ಪಾರ್ವತಿ ಪುತ್ತನಾರ್' ಎಂದರೆ ಪಾರ್ವತಿಯ ಹೊಸ ನದಿ. 1815ರಿಂದ 1829ರವರೆಗೆ ತಿರುವಾಂಕೂರನ್ನು ಆಳಿದ ರಾಣಿ ಗೌರಿ ಪಾರ್ವತೀಬಾಯಿಯವರ ಕಾಲದಲ್ಲಿ ತೋಡಿಸಿದ ಕಾಲುವೆಯಿದು.

ಅದೇ ನಗರದ 'ಆಮಯಿಳಂಜಾನ್ ತೋಡ್' ಎಂಬ ಹೆಸರಿನಲ್ಲಿ ಆಮೆಗಳು ತೆವಳುತ್ತವೆ. ಆದರೆ 2024ರ ಜುಲೈಯಲ್ಲಿ ರೈಲು ನಿಲ್ದಾಣದ ಬಳಿ ಇದೇ ತೋಡಿನ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋದರು. ಅವರ ಶವ ದೊರೆತದ್ದು ಎರಡು ದಿನಗಳ ನಂತರ. ಆಮೆಗಳಿಗೆ ನೆಲೆಯಾಗಿದ್ದ ನೀರು ಮನುಷ್ಯನಿಗೆ ಮೃತ್ಯುಕೂಪವಾಯಿತು.

ಸೇತುವೆ ಮುರಿದರೂ, ತೋಡು ಕಲುಷಿತವಾದರೂ ಹೆಸರು ಉಳಿಯುತ್ತದೆ. ನೀರು ಹೇಗಿತ್ತೆಂಬುದಕ್ಕೆ ಅದೇ ಸಾಕ್ಷಿ. ನಮ್ಮ ಮಕ್ಕಳಿಗೆ ಈ ಹೆಸರುಗಳ ಅರ್ಥವನ್ನು ತಿಳಿಸುವುದು ಭಾಷಾಪಾಠ ಮಾತ್ರವಲ್ಲ, ನಾವು ನೆಲೆಸಿದ ನೆಲದ ಋಣಸಂದಾಯವೂ ಹೌದು.