ಒಂದೇ ಕೀಲಿ ಇಬ್ಬರಿಗೆ ದೊರೆತರೆ?

ಪ್ರಯೋಗಶಾಲೆಯ ಗಣಕದಲ್ಲಿ ಒಂದು ಪ್ರೋಗ್ರಾಮು ಕುಲುಮೆಯ ಉಷ್ಣತೆಯನ್ನು ಅಳೆಯುತ್ತಿದೆ, ಇನ್ನೊಂದು ಅದನ್ನು ನಕ್ಷೆಯಾಗಿ ಬರೆಯುತ್ತಿದೆ ಎಂದಿಟ್ಟುಕೊಳ್ಳೋಣ. ಪ್ರತಿಯೊಂದಕ್ಕೂ ಅದರದೇ ಆದ ಸ್ಮೃತಿಭಾಗವುಂಟು. ಒಂದರದನ್ನು ಮತ್ತೊಂದು ಇಣಿಕಿ ನೋಡುವಂತಿಲ್ಲ. ಹಾಗಾದರೆ ಅಳತೆಯು ನಕ್ಷೆಗೆ ತಲುಪುವ ಬಗೆ ಹೇಗೆ?

1983ರಲ್ಲಿ ಹೊರಬಂದ ‘ಯುನಿಕ್ಸ್ ಸಿಸ್ಟಮ್ ಫೈವ್’ ಇದಕ್ಕೆ ಮೂರು ಸಾಧನಗಳನ್ನು ಒದಗಿಸಿತು: ಹಂಚಿಕೆಯ ಸ್ಮೃತಿ, ಸಂದೇಶಗಳ ಸರದಿಸಾಲು ಮತ್ತು ಸೆಮಫೋರ್. ಇಂದಿನ ಲಿನಕ್ಸ್‌ನಲ್ಲಿಯೂ ಇವು ಉಂಟು. ಇವುಗಳನ್ನು ಗುರುತಿಸುವ ಪೂರ್ಣಾಂಕಕ್ಕೆ ‘ಕೀಲಿ’ ಎಂದು ಹೆಸರು. ಒಂದೇ ಕೀಲಿಯನ್ನು ಹೇಳಿದ ಪ್ರೋಗ್ರಾಮುಗಳು ಒಂದೇ ಕೋಣೆಯನ್ನು ಸೇರುತ್ತವೆ. ಸಂಬಂಧವೇ ಇಲ್ಲದ ಮೂರನೆಯ ಪ್ರೋಗ್ರಾಮೊಂದು ಅದೇ ಕೀಲಿಯನ್ನು ಆರಿಸಿಕೊಂಡರೆ, ಪ್ರವೇಶದ ಅನುಮತಿಯೂ ಇದ್ದ ಪಕ್ಷದಲ್ಲಿ, ಅದರ ಅಂಕಿಗಳು ಉಷ್ಣತೆಯ ಜಾಗದಲ್ಲಿ ಬಂದು ಕೂರುವುವು. ಯಾವ ಎಚ್ಚರಿಕೆಯೂ ಇಲ್ಲದೆ ನಕ್ಷೆ ಸುಳ್ಳಾಗುವುದು.

ಕೀಲಿಯನ್ನು ರಚಿಸಿಕೊಡಲು ‘ಎಫ್‌ಟಾಕ್’ ಎಂಬ ವಿಧಾನವಿದೆ. ಅದಕ್ಕೆ ಒಂದು ಫೈಲಿನ ಹೆಸರನ್ನೂ ಒಂದು ಚಿಕ್ಕ ಸಂಖ್ಯೆಯನ್ನೂ ಕೊಡಬೇಕು. ಅದು ಹೆಸರಿನ ಅಕ್ಷರಗಳನ್ನು ಲೆಕ್ಕಿಸದೆ, ಡಿಸ್ಕಿನಲ್ಲಿ ಆ ಫೈಲಿಗಿರುವ ‘ಐನೋಡ್’ ಎಂಬ ಕ್ರಮಸಂಖ್ಯೆಯನ್ನು ಹಿಡಿಯುತ್ತದೆ. ಲಿನಕ್ಸ್‌ನಲ್ಲಿ ಕೀಲಿಯ 32 ಬಿಟ್‌ಗಳ ಪೈಕಿ 8 ನಾವು ಕೊಟ್ಟ ಸಂಖ್ಯೆಗೆ, 8 ಡಿಸ್ಕಿನ ಗುರುತಿಗೆ, 16 ಐನೋಡಿಗೆ ಮೀಸಲು.

ತೊಡಕು ಇರುವುದು ಇಲ್ಲಿಯೇ. 107 ಮತ್ತು 207ನೆಯ ಕ್ರಮಸಂಖ್ಯೆಯ ವಿದ್ಯಾರ್ಥಿಗಳನ್ನು ಕೊನೆಯ ಎರಡು ಅಂಕಗಳಿಂದ ಮಾತ್ರ ಕರೆದರೆ ಇಬ್ಬರೂ ಏಳುವರಷ್ಟೆ. ಅಂತೆಯೇ 16 ಬಿಟ್‌ಗಳಲ್ಲಿ 65,536 ಬೇರೆ ಬೇರೆ ಸಂಖ್ಯೆಗಳು ಮಾತ್ರ ಹಿಡಿಸುವುದರಿಂದ, ಐನೋಡ್ 1,000 ಮತ್ತು 66,536 ಇರುವ ಫೈಲುಗಳು, ಉಳಿದವೆಲ್ಲ ಸಮನಾಗಿದ್ದರೆ, ಒಂದೇ ಕೀಲಿಯನ್ನು ಕೊಡುತ್ತವೆ. 23 ಜನರ ಗುಂಪಿನಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚೆಂಬುದನ್ನು ನೀವು ಕೇಳಿರಬಹುದು. ಆ ಗಣಿತದಂತೆಯೇ, ಐನೋಡುಗಳು ಗೊತ್ತುಗುರಿಯಿಲ್ಲದೆ ಹಂಚಿಹೋಗಿದ್ದರೆ, ಸುಮಾರು 300 ಫೈಲುಗಳಲ್ಲಿಯೇ ಯಾವುದಾದರೂ ಎರಡರ ಕೀಲಿ ಒಂದಾಗುವ ಸಂಭವ ಅರ್ಧದಷ್ಟು!

ಇದಕ್ಕೆ ಪರಿಹಾರವೇನು? ತಾಯಿ ಪ್ರೋಗ್ರಾಮು ಮತ್ತು ಅದರಿಂದ ಹುಟ್ಟಿದ ಮಗುವಿನ ನಡುವಿನ ವ್ಯವಹಾರಕ್ಕಾದರೆ ‘ಐಪಿಸಿ ಪ್ರೈವೇಟ್’ ಸಾಕು. ಅಲ್ಲಿ ಕೀಲಿಯ ಆಯ್ಕೆಯೇ ಬೇಡ. ಉಳಿದೆಡೆ, ಸಾಧನವನ್ನು ನಿರ್ಮಿಸುವ ಪ್ರೋಗ್ರಾಮು “ಈ ಕೀಲಿ ಈಗಾಗಲೇ ಬಳಕೆಯಲ್ಲಿದ್ದರೆ ನಿರಾಕರಿಸು” ಎಂಬ ಷರತ್ತನ್ನು ಸೇರಿಸಬೇಕು. ಆಗ ಘರ್ಷಣೆಯು ಅಲ್ಲಿಯೇ ಬಯಲಾಗುತ್ತದೆ. ಎದುರಿಗೆ ಕಾಣುವ ದೋಷವನ್ನು ತಿದ್ದಬಹುದು. ಸುಳ್ಳು ನಕ್ಷೆಯನ್ನು ನಂಬಿ ಕಟ್ಟಿದ ಸಿದ್ಧಾಂತವನ್ನು ತಿದ್ದುವುದು ಕಷ್ಟ.