ರಿಸೈನ್ ಬಟನ್ ಒತ್ತುವ ಮುನ್ನ

ಮ್ಯಾಗ್ನಸ್ ಕಾರ್ಲ್‌ಸನ್ ಮೇಜಿಗೆ ಗುದ್ದಿದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. 2025ರ ಜೂನ್ 1, ನಾರ್ವೆಯ ಸ್ಟಾವೆಂಜರ್. ಗುದ್ದಿದ ರಭಸಕ್ಕೆ ಬೋರ್ಡಿನ ಮೇಲಿನ ಕಾಯಿಗಳು ಅಲ್ಲಾಡಿಹೋದವು. ಎದುರಿಗಿದ್ದ 19 ವರ್ಷದ ಡಿ. ಗುಕೇಶ್ ನಂಬಲಾಗದೆ ಎದ್ದು ಅತ್ತಿತ್ತ ಓಡಾಡಿದರು. ಕ್ಲಾಸಿಕಲ್ ಮಾದರಿಯಲ್ಲಿ ಕಾರ್ಲ್‌ಸನ್ ವಿರುದ್ಧ ಅವರಿಗೆ ಅದು ಮೊದಲ ಗೆಲುವು. ನಾವೆಲ್ಲ ರೀಲ್ಸ್‌ನಲ್ಲಿ ನೋಡಿದ್ದು ಆ ಕೆಲವು ಸೆಕೆಂಡುಗಳನ್ನು ಮಾತ್ರ. ನನಗೆ ಹಿಡಿಸಿದ್ದು ಅದಕ್ಕೂ ಮುಂಚಿನ ಭಾಗ. ಅದನ್ನು ಯಾರೂ ರೀಲ್ಸ್ ಮಾಡುವುದಿಲ್ಲ.

ಯಾಕೆಂದರೆ ಅದಕ್ಕೂ ಮುಂಚೆ ಬಹಳ ಹೊತ್ತು ಗುಕೇಶ್ ಸೋಲುತ್ತಲೇ ಇದ್ದರು. ಕಂಪ್ಯೂಟರ್ ಕೂಡ ಕಾರ್ಲ್‌ಸನ್ ಕಡೆಗೇ ವಾಲಿತ್ತು. ಆದರೂ ಗುಕೇಶ್ ಚಮತ್ಕಾರದ ನಡೆ ಹುಡುಕಿ ಹೋಗಲಿಲ್ಲ. ಪ್ರತಿ ಸಲ, ಎದುರಾಳಿಗೆ ಇನ್ನೊಂದು ಪ್ರಶ್ನೆ ಹಾಕುವ ನಡೆ ಆಡಿದರು ಅಷ್ಟೇ. ಆ ಟೂರ್ನಿಯಲ್ಲಿ ಒಬ್ಬೊಬ್ಬರಿಗೆ 120 ನಿಮಿಷ. 40 ನಡೆ ದಾಟಿದ ಮೇಲೆ ನಡೆಗೆ 10 ಸೆಕೆಂಡ್ ಸೇರುತ್ತದೆ. ಉತ್ತರ ಕೊಟ್ಟು ಕೊಟ್ಟು ಕಾರ್ಲ್‌ಸನ್ ಗಡಿಯಾರವೂ ಕರಗಿತು. 52ನೇ ನಡೆಯಲ್ಲಿ ಕುದುರೆಯಿಂದ ಕೊಟ್ಟ ಒಂದು ಚೆಕ್ ಆಟವನ್ನೇ ತಿರುಗಿಸಿಬಿಟ್ಟಿತು.

ಇಂಥ ಆಟವನ್ನು ನೂರರಲ್ಲಿ ತೊಂಬತ್ತೊಂಬತ್ತು ಸಲ ಸೋಲುತ್ತಿದ್ದೆ, ಇವತ್ತು ಅದೃಷ್ಟ ಎಂದು ಗುಕೇಶ್ ಆಮೇಲೆ ಹೇಳಿದರು. ಅದು ಅವರ ದೊಡ್ಡತನ. ಆದರೆ ಆ ನೂರನೆಯ ಸಲ ಬರಬೇಕಾದರೆ ಕುರ್ಚಿಯಲ್ಲಿ ಕೂತಿರಬೇಕಲ್ಲ? ನಾವು ಹಾಸ್ಟೆಲ್‌ನಲ್ಲಿ ಮೊಬೈಲ್‌ನಲ್ಲಿ ಆಡುವಾಗ ರಾಣಿ ಹೋದ ಮರುಕ್ಷಣವೇ ರಿಸೈನ್ ಒತ್ತಿ ಹೊಸ ಆಟ ಶುರು ಮಾಡುತ್ತೇವೆ. ಒಂದು ಬಟನ್ ಎಷ್ಟು ಹತ್ತಿರವಿರುತ್ತದೋ ಸಹನೆ ಅಷ್ಟು ಕಡಿಮೆ ಅಂತ ನನ್ನ ಲೆಕ್ಕ.

ಸೋಲುವ ಕಡೆ ಇರುವವನಿಗೆ ಒಂದು ಸವಲತ್ತಿದೆ. ಗೆಲ್ಲುವ ಹೊಣೆ ಎದುರಾಳಿಯದು. ಅವನೇ ಯೋಜನೆ ಮಾಡಬೇಕು, ಅವನೇ ಲೆಕ್ಕ ಹಾಕಬೇಕು. ನಮ್ಮ ಕೆಲಸ ಅದನ್ನು ಕಷ್ಟ ಮಾಡುವುದು. ಇದಕ್ಕೆ ಹಳೆಯ ಒಂದು ಸೂತ್ರವಿದೆ: ಹಿಂದೆ ಬಿದ್ದಾಗ ಕಾಲಾಳುಗಳನ್ನು ಬದಲಾಯಿಸಿಕೊಳ್ಳಿ, ದೊಡ್ಡ ಕಾಯಿಗಳನ್ನಲ್ಲ. ಕಾಲಾಳುಗಳೆಲ್ಲ ಮುಗಿದು ಎದುರಾಳಿಯ ಬಳಿ ಒಂದೇ ಒಂದು ಒಂಟೆಯೋ ಕುದುರೆಯೋ ಉಳಿದರೆ ಅದರಿಂದ ಚೆಕ್‌ಮೇಟ್ ಮಾಡಲು ಆಗುವುದೇ ಇಲ್ಲ, ಆಟ ಡ್ರಾ.

ಚೆಸ್‌ನಲ್ಲಿ ‘ಕೋಟೆ’ ಎಂಬ ಮಾತೇ ಇದೆ. ಕಾಯಿ ಕಡಿಮೆ ಇದ್ದರೂ ಎದುರಾಳಿ ಒಳಗೆ ನುಗ್ಗಲಾಗದಂತೆ ಕೂರುವ ವ್ಯವಸ್ಥೆ. ಏಳು ಸುತ್ತಿನ ಕೋಟೆಯ ಊರಿನವನಾದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಒಂದು ಸುತ್ತು ಹೋದರೆ ಇನ್ನೊಂದು ಸುತ್ತು, ನುಗ್ಗಲು ಕಿಂಡಿ ಒಂದೇ ಇದ್ದರೆ ಕಾಯಲು ಓಬವ್ವ ಒಬ್ಬಳೇ ಸಾಕು! ಒಂದು ಉದಾಹರಣೆ ನೋಡಿ. ಎದುರಾಳಿಯ ಬಳಿ ಒಂಟೆ ಮತ್ತು ಬೋರ್ಡಿನ ಅಂಚಿನ ಸಾಲಿನಲ್ಲಿ ಒಂದು ಕಾಲಾಳು ಇದೆ, ನಿಮ್ಮ ಬಳಿ ಬರೀ ರಾಜ. ಕಾಲಾಳು ರಾಣಿಯಾಗಬೇಕಾದ ಮೂಲೆಮನೆ ಬಿಳಿ, ಒಂಟೆ ಓಡಾಡುವುದು ಕಪ್ಪು ಮನೆಗಳಲ್ಲಿ ಎಂದಾದರೆ, ನಿಮ್ಮ ರಾಜ ಆ ಮೂಲೆಗೆ ಹೋಗಿ ಕೂತರೆ ಮುಗಿಯಿತು. ವಿಶ್ವ ಚಾಂಪಿಯನ್ ಬಂದರೂ ಎಬ್ಬಿಸಲಾಗದು.

ಸ್ಟೇಲ್‌ಮೇಟ್ ಇನ್ನೂ ಮಜಾ. 1963-64ರ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಲ್ಯಾರಿ ಇವಾನ್ಸ್, ಸ್ಯಾಮುಯೆಲ್ ರೆಶೆವ್‌ಸ್ಕಿ ವಿರುದ್ಧ ಒಂದು ಕುದುರೆ ಹಿಂದಿದ್ದರು. 47ನೇ ನಡೆಯಲ್ಲಿ ಇವಾನ್ಸ್ ಸುಮ್ಮನೆ ಒಂದು ಕಾಲಾಳನ್ನು ಮುಂದೆ ತಳ್ಳಿದರು. ನೋಡಿದವರಿಗೆ ಏನೂ ಅನಿಸದ ನಡೆ. ಅದರಿಂದ ಅವರ ಕಾಲಾಳುಗಳು ಅಲ್ಲಲ್ಲೇ ಸಿಕ್ಕಿಕೊಂಡವು, ರಾಜನೂ ಮೂಲೆ ಸೇರಿದ. ರೆಶೆವ್‌ಸ್ಕಿ ರಾಣಿಯಿಂದ ಕಾಲಾಳು ಹೊಡೆದದ್ದೇ ತಡ, ಇವಾನ್ಸ್ ತಮ್ಮ ರಾಣಿಯನ್ನೇ ಬಲಿ ಕೊಟ್ಟರು, ಮರು ನಡೆಯಲ್ಲಿ ಆನೆಯನ್ನೂ ಒಡ್ಡಿದರು. ಆನೆ ಹೊಡೆದರೆ ಇವಾನ್ಸ್‌ಗೆ ನಡೆಯೇ ಇಲ್ಲ, ಅಂದರೆ ಡ್ರಾ. ಹೊಡೆಯದಿದ್ದರೆ ಆನೆ ಚೆಕ್ ಕೊಡುತ್ತಲೇ ಇರುತ್ತದೆ, ಅದೂ ಡ್ರಾ.

ಅಷ್ಟು ದೂರ ಯಾಕೆ, ಚಿತ್ರದುರ್ಗದ ಕಲ್ಯಾಣಮಂಟಪವೊಂದರಲ್ಲಿ ಭಾನುವಾರ ನಡೆದ ಟೂರ್ನಿಯಲ್ಲೇ ಇಂಥದ್ದನ್ನು ಕಂಡೆ. ಹೊಸದುರ್ಗದಿಂದ ಬಂದ ಪಿಯು ಹುಡುಗಿ, ಎದುರಿಗೆ ಹಿರಿಯೂರಿನ ಹುಡುಗ. ಅವಳ ಬಳಿ ಉಳಿದಿದ್ದು ರಾಜ ಮಾತ್ರ. ಅವನ ಬಳಿ ರಾಣಿ, ಮೇಲೆ ಎರಡು ಕಾಲಾಳು. ಅವನು ಆಗಲೇ ಎದ್ದು ಮುಂದಿನ ರೌಂಡ್‌ನ ಪೇರಿಂಗ್ ನೋಡಿ ಬರುತ್ತಿದ್ದ. ಅವಳು ರಾಜನನ್ನು ಒಂದೊಂದೇ ಮನೆ ನಡೆಸುತ್ತಾ ಮೂಲೆಗೆ ತಂದಳು. ಅವನು ಸರ್ರನೆ ರಾಣಿಯನ್ನು ತಂದು ರಾಜನಿಂದ ಸರಿಯಾಗಿ ಕುದುರೆ ನಡೆಯಷ್ಟು ದೂರದಲ್ಲಿಟ್ಟ. ಚೆಕ್ ಇಲ್ಲ, ರಾಜನಿಗೆ ಹೋಗಲು ಮನೆಯೂ ಇಲ್ಲ. ಅರ್ಧ ಪಾಯಿಂಟ್! ಆಮೇಲೆ ಕೇಳಿದರೆ, ‘ಅವ್ನು ಬೋರ್ಡ್ ನೋಡ್ತಿರ್ಲಿಲ್ಲ ಅಣ್ಣ, ಅದಕ್ಕೇ ಮೂಲೆಗೆ ಹೋದೆ’ ಎಂದಳು.

ಶಾಂತವಾಗಿರು ಎಂದು ಹೇಳುವುದು ಸುಲಭ. ಕಾಯಿ ಹೋದಾಗ ಕಿವಿ ಬಿಸಿಯಾಗುತ್ತದೆ, ಕೈ ತಾನಾಗಿಯೇ ಮುಂದಿನ ನಡೆಗೆ ಹೋಗುತ್ತದೆ. ಹಾಗಾಗಿ ಕೈಗಳನ್ನು ತೊಡೆಯ ಕೆಳಗಿಟ್ಟು ಕೂರಿ ಎಂದು ಹಳೆಯ ಆಟಗಾರರು ಹೇಳುತ್ತಿದ್ದರು. ನಗು ಬರಬಹುದು, ಆದರೆ ಕೆಲಸ ಮಾಡುತ್ತದೆ. ಎರಡು ನಿಮಿಷ ಕಳೆದುಹೋದ ಕಾಯಿಯ ಲೆಕ್ಕ ಬಿಟ್ಟು, ಈ ಬೋರ್ಡ್ ಈಗಷ್ಟೇ ನನ್ನ ಕೈಗೆ ಬಂದಿದೆ ಎಂಬಂತೆ ನೋಡಬೇಕು. ಎದುರಾಳಿಗೆ ಈಗ ಏನು ಬೇಕು? ಅದನ್ನು ತಡೆಯುವುದು ಹೇಗೆ? ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ಮೊದಲ ಐದು ಪ್ರಶ್ನೆ ಕೈಕೊಟ್ಟಾಗ ಮಿಕ್ಕ ಇಪ್ಪತ್ತೈದನ್ನೂ ಅದೇ ಸಿಟ್ಟಿನಲ್ಲಿ ಟಿಕ್ ಮಾಡಿ ಎದ್ದುಬರುವವರನ್ನು ನೀವೂ ನೋಡಿರುತ್ತೀರಿ.

ಹಾಗಂತ ಎಲ್ಲ ಆಟವನ್ನೂ ಎಳೆಯುತ್ತಾ ಕೂರಬೇಕೆಂದಲ್ಲ. ಎದುರಾಳಿ ಬಲಶಾಲಿ, ಅವನ ಗಡಿಯಾರದಲ್ಲಿ ಅರ್ಧ ಗಂಟೆ ಇದೆ, ಬೋರ್ಡಿನಲ್ಲಿ ಒಂದು ಬಲೆಯೂ ಉಳಿದಿಲ್ಲ ಎಂದಾದರೆ ಕೈಕುಲುಕಿ ಏಳುವುದೇ ಮರ್ಯಾದೆ. ಎದ್ದ ಮೇಲೂ ಟೂರ್ನಿ ಇರುತ್ತದೆ. ಗುಕೇಶ್‌ಗೆ ಸೋತ ಕಾರ್ಲ್‌ಸನ್ನೇ ಕೊನೆಗೆ ಆ ಪ್ರಶಸ್ತಿ ಗೆದ್ದರು, ಗುಕೇಶ್ ಮೂರನೆಯವರು.

ನಮ್ಮ ರೂಮಿನಲ್ಲಿ ಈಗ ಹೊಸ ಆಟ ಶುರುವಾಗಿದೆ. ಯಾರೋ ಸೋತ ಆಟವೊಂದರಿಂದ ಸ್ಥಿತಿಯನ್ನು ಎತ್ತಿ ಬೋರ್ಡಿನಲ್ಲಿ ಜೋಡಿಸುತ್ತೇವೆ. ಕಂಪ್ಯೂಟರ್ ಪ್ರಕಾರ ಒಂದು ಕಡೆ ಪೂರ್ತಿ ಮುಗಿದಿರಬೇಕು. ಕಡೆ ಹಂಚಿಕೊಂಡು ಹತ್ತು ಹತ್ತು ನಿಮಿಷ ಆಡುತ್ತೇವೆ. ಮೊದಮೊದಲು ಗೆಲ್ಲುವ ಕಡೆ ಕೂರಲು ಎಲ್ಲರೂ ಮುಗಿಬೀಳುತ್ತಿದ್ದರು. ಈಗ ಹೊಳಲ್ಕೆರೆಯ ನನ್ನ ರೂಮ್‌ಮೇಟ್ ಬೋರ್ಡ್ ಜೋಡಿಸುವ ಮೊದಲೇ ಸೋಲುವ ಕಡೆಯ ಕುರ್ಚಿ ಹಿಡಿದಿರುತ್ತಾನೆ. ಗೆಲ್ಲಲೇಬೇಕಾದ ಕಡೆ ಕೂತವನಿಗೆ ಮಾತ್ರ ಫ್ಯಾನ್ ತಿರುಗುತ್ತಿದ್ದರೂ ಬೆವರು.