ಮನೆಯ ನೀರಿನ ಸೋರಿಕೆ ಮತ್ತು ಕೀಟಬಾಧೆ

ಮನೆಯ ನೀರಿನ ಸೋರಿಕೆ ಎಂದರೆ ನಲ್ಲಿ, ಕೊಳವೆ, ತೊಟ್ಟಿ ಅಥವಾ ಬಚ್ಚಲಿನಿಂದ ನೀರು ಸತತವಾಗಿ ಜಿನುಗುವುದು. ಜಿರಳೆ, ಸೊಳ್ಳೆ, ಇಲಿ ಮತ್ತು ಗೆದ್ದಲುಗಳು ಮನೆಯಲ್ಲಿ ನೆಲೆಯೂರಲು ಅನೇಕ ವೇಳೆ ಆಹಾರಕ್ಕಿಂತಲೂ ಈ ತೇವವೇ ಮುಖ್ಯ ಕಾರಣವಾಗಿರುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಮಣ್ಣಿನ ಗುಣ ಹಾಗೂ ನೀರನ್ನು ತುಂಬಿಸಿಡುವ ರೂಢಿಗಳು ಈ ಸಮಸ್ಯೆಯನ್ನು ಹೆಚ್ಚಿಸುತ್ತವೆ.

ಸೋರಿಕೆಯ ಕಾರಣಗಳು

ಕೃಷ್ಣಾ ನದಿ ಮತ್ತು ಅದರ ಉಪನದಿಗಳು ಹರಿಯುವ ಈ ಭಾಗದಲ್ಲಿ ಎರೆಭೂಮಿ ಹೆಚ್ಚು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಈ ಚಲನೆಯಿಂದ ನೆಲದಡಿಯ ಕೊಳವೆಗಳ ಜೋಡಣೆ ಸಡಿಲವಾಗಬಹುದು. ನಲ್ಲಿಯ ವಾಷರ್ ಸವೆಯುವುದು ಇನ್ನೊಂದು ಸಾಮಾನ್ಯ ಕಾರಣ. ಹನಿಯೊಂದರ ಗಾತ್ರವನ್ನು 0.25 ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 21.6 ಲೀಟರ್ ನೀರು ಹೋಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ ನಿಗದಿಪಡಿಸಿದ ಪ್ರಮಾಣ 55 ಲೀಟರ್ ಎಂಬುದನ್ನು ಇಲ್ಲಿ ನೆನೆಯಬಹುದು.

ಸೊಳ್ಳೆಗಳು

ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಸೊಳ್ಳೆ. ಡೆಂಗಿ ಮತ್ತು ಚಿಕುನ್‌ಗುನ್ಯಾ ರೋಗಗಳನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯು ಚರಂಡಿಯನ್ನಲ್ಲ, ಮನೆಯ ಆಸುಪಾಸಿನ ತಿಳಿನೀರನ್ನು ಅರಸುತ್ತದೆ. ತೊಟ್ಟಿ, ಬ್ಯಾರೆಲ್, ಕೊಡಗಳಷ್ಟೇ ಅಲ್ಲದೆ ಸೋರುವ ನಲ್ಲಿಯ ಕೆಳಗಿನ ಬಕೆಟ್ ಕೂಡ ಅದಕ್ಕೆ ಸಾಕು. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯು ಸುಮಾರು 7ರಿಂದ 10 ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿದ್ದು, ಒಣಗಿದರೂ ಹಲವು ತಿಂಗಳು ಜೀವಂತವಾಗಿರುತ್ತವೆ. ಆದುದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲುವುದಷ್ಟೇ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಬಚ್ಚಲಗುಂಡಿಯ ಕೊಳಕು ನೀರಿನಲ್ಲಿ ಬೆಳೆಯುವುದು ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ.

ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ನೀಡುವ ಮನೆಗಳಿಗೆ ನಗರಗಳಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು.

ಇತರ ಜೀವಿಗಳು

ಜಿರಳೆಯು ಆಹಾರವಿಲ್ಲದೆ ಹಲವು ವಾರ ಬದುಕಬಲ್ಲದು. ನೀರಿಲ್ಲದೆ ಅಷ್ಟು ಕಾಲ ಬದುಕಲಾರದು. ಅಡುಗೆಮನೆಯನ್ನು ಎಷ್ಟು ಚೊಕ್ಕವಾಗಿಟ್ಟರೂ ಸಿಂಕಿನ ಕೆಳಗೆ ಜಿರಳೆ ಉಳಿಯುವುದಕ್ಕೆ ಇದೇ ಕಾರಣ. ಇಲಿ, ಹೆಗ್ಗಣಗಳಿಗೂ ನೀರು ಅಗತ್ಯ. ಗೆದ್ದಲು ತೇವವಾದ ಮಣ್ಣಿನಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಗೋಡೆಯನ್ನೇರುತ್ತದೆ. ಮರದ ಕಂಬ, ತೊಲೆ, ಜಂತಿಗಳಿರುವ ಹಳೆಯ ಮನೆಗಳಿಗೆ ಇದರಿಂದ ಹೆಚ್ಚಿನ ಹಾನಿ.

ಪತ್ತೆ ಮತ್ತು ನಿವಾರಣೆ

ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಮೀಟರ್ ಇಲ್ಲದ ಮನೆಯಲ್ಲಿ ರಾತ್ರಿ ತೊಟ್ಟಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಬಳಕೆಗೆ ಮುನ್ನ ನೋಡಬಹುದು. ಬಚ್ಚಲಿನ ನಹಾನಿ ಟ್ರ್ಯಾಪ್‌ನಲ್ಲಿ ನಿಲ್ಲುವ ನೀರು ಚರಂಡಿಯ ಜಿರಳೆಗಳನ್ನು ತಡೆಯುತ್ತದೆ. ಬಹುದಿನ ಬಳಸದೆ ಅದು ಒಣಗಿದರೆ ದಾರಿ ತೆರೆದಂತೆಯೇ. ಆದ್ದರಿಂದ ಬಳಸದ ಬಚ್ಚಲಿಗೂ ಆಗಾಗ ಒಂದು ತಂಬಿಗೆ ನೀರು ಹಾಕುವುದು ಒಳಿತು. ತೊಟ್ಟಿಗೆ ಬಿಗಿಯಾದ ಮುಚ್ಚಳವನ್ನೂ ಶೌಚಗುಂಡಿಯ ಗಾಳಿಕೊಳವೆಯ ತುದಿಗೆ ಸಣ್ಣ ಕಣ್ಣಿನ ಜಾಲರಿಯನ್ನೂ ಅಳವಡಿಸಬೇಕು. ಸೋರಿಕೆಯನ್ನು ಹಾಗೆಯೇ ಬಿಟ್ಟು ಕೀಟನಾಶಕ ಸಿಂಪಡಿಸಿದರೆ ಅದರ ಪರಿಣಾಮ ತಾತ್ಕಾಲಿಕವಾಗಿರುತ್ತದೆ.